ಮಾರದ ಹೊಗೆ

ಸೋಮವಾರ, ಮಧ್ಯಾಹ್ನ

ಮಗಳಿಗೆ ನಿನ್ನ ತಾಯಿಯ ಆಶೀರ್ವಾದ.

ಎರಡು ಇಟ್ಟಿಗೆ ಗೂಡುಗಳ ಯಜಮಾನಿ ನಾನು. ನನ್ನ ಅತ್ತೆ ಹಚ್ಚಿದ ಬೆಂಕಿ ಹಳೆಯ ಗೂಡಿನಲ್ಲಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಸುತ್ತುತ್ತಲೇ ಇತ್ತು. ಅವರು ತೀರಿಕೊಂಡ ದಿನವೂ ಆರಲಿಲ್ಲ. ಊರಿನಲ್ಲಿ ನನ್ನೆದುರು ದನಿ ಎತ್ತುವವರಿಲ್ಲ, ಹೊಗೆಗೆ ಬೆಲೆ ಕಟ್ಟುವ ಕಚೇರಿಗೆ ಸೇರಿದ ನಿನ್ನೊಬ್ಬಳನ್ನು ಬಿಟ್ಟು.

ನಿಮ್ಮ ಕಚೇರಿಯ ಪರವಾನಗಿ ಬಂತು. ಇಷ್ಟು ಹೊಗೆ ಬಿಡಬಹುದು, ಮೀರಿದರೆ ಕೊಳ್ಳಬೇಕು, ಉಳಿಸಿದರೆ ಮಾರಬಹುದು. ಅದರ ಬೆನ್ನಿಗೇ ಒಬ್ಬ ದಲ್ಲಾಳಿ ಬಂದ. ಹಳೆಯ ಗೂಡು ಆರಿಸಿದರೆ ನಾನು ಬಿಡದ ಹೊಗೆಯನ್ನು ಸಿಮೆಂಟ್ ಕಾರ್ಖಾನೆ ಕೊಳ್ಳುತ್ತದಂತೆ. ಇಲ್ಲದ ಹೊಗೆಯನ್ನು ಚೀಲದಲ್ಲಿ ತುಂಬುತ್ತೀರೋ, ಡಬ್ಬದಲ್ಲೋ ಎಂದು ಕೇಳಿದೆ. ಅವನು ನಗಲಿಲ್ಲ. ನಾನು ಬಿಡದ್ದನ್ನು ಅವರು ಬಿಟ್ಟರೆ ಕಡಿಮೆಯಾದದ್ದೇನು? ಫೋನಿನಲ್ಲಿ ನೀನು, "ಅಮ್ಮಾ, ಒಟ್ಟು ಹೊಗೆಗೆ ಮಿತಿ ಇದೆ. ಯಾರು ಬಿಟ್ರೂ ಆಕಾಶಕ್ಕೆ ಒಂದೇ" ಎಂದೆ. ಆಕಾಶಕ್ಕೆ ಒಂದೇ ಇರಬಹುದು. ಚಿಮಣಿಯ ಕೆಳಗೆ ಬಟ್ಟೆ ಒಣಹಾಕುವವರಿಗೆ? ಹೈಸ್ಕೂಲು ಓದಿದ ನನ್ನ ತಲೆಗೆ ಇದು ಅರ್ಧ ಹೊಕ್ಕು ಅರ್ಧ ಹೊರಗೇ ನಿಂತಿದೆ.

ಉರಿ ನೋಡಿಕೊಳ್ಳುವ ಕೆಂಡಜ್ಜನನ್ನು ಕರೆದು ಹಳೆಯ ಗೂಡು ಆರಿಸು ಎಂದೆ. "ನೀರು ಹಾಕೋದು ನನ್ನ ಕೈಲಾಗಲ್ಲ ಅಮ್ಮಾವ್ರೇ. ಅದರ ಹೊಟ್ಟೆಗೆ ಹಾಕೋದು ನಿಲ್ಸಿ, ತಾನೇ ಮಲಗುತ್ತೆ" ಎಂದ. ಹಾಗಾಗಿ ಇದ್ದಲು ಸುರಿಯುವ ಕಂಡಿಗಳನ್ನು ಹೋದ ವಾರ ನಾನೇ ಒಂದೊಂದಾಗಿ ಮುಚ್ಚಿದೆ. ಆಳುಗಳಿಗೆಲ್ಲ ಹೊಸ ಗೂಡಿನಲ್ಲಿ ಕೆಲಸ ಕೊಟ್ಟಿದ್ದೇನೆ.

ಆದರೆ ಮಾರಲಿಲ್ಲ. ನಿಮ್ಮ ಕಚೇರಿಯ ಇಲ್ಲಿನ ಶಾಖೆಗೆ ಹೋಗಿ, ಹಳೆಯ ಗೂಡಿನ ಪಾಲಿನ ಹೊಗೆಯನ್ನು ರದ್ದು ಮಾಡಿ ಎಂದೆ. ಗುಮಾಸ್ತ ಕನ್ನಡಕ ತೆಗೆದು, "ಸುಮ್ನೆ ಬಿಟ್ಟುಕೊಡ್ತೀರಾ?" ಎಂದು ಕೇಳಿದ. ಮಿತಿ ಎನ್ನುವುದು ನಿಜವಾದರೆ ಇಷ್ಟು ಹೊಗೆ ಇನ್ನು ಯಾರಿಂದಲೂ ಏಳಬಾರದು, ಏಳುತ್ತದೋ ಎಂದು ಕೇಳಿದೆ. ಅವನು ಒಳಗೆ ಹೋಗಿ ಯಾರನ್ನೋ ವಿಚಾರಿಸಿ ಬಂದು, ಇಲ್ಲ ಎಂದ. ಅಲ್ಲೇ ಸಹಿ ಹಾಕಿದೆ. ದಲ್ಲಾಳಿಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಜಾಣತನವೋ, ಹುಚ್ಚೋ, ನನಗಿನ್ನೂ ತಿಳಿಯುತ್ತಿಲ್ಲ. ನಿನ್ನ ಮಾತಿಗೆ ಸೋತೆನೆಂದು ಮಾತ್ರ ಬೀಗಬೇಡ.

ನಿನ್ನ ಅಮ್ಮ

ತಾ.ಕ.: ನಿನ್ನ ಕೋಣೆಯ ಕಿಟಕಿ ಹಳೆಯ ಗೂಡಿನ ಕಡೆಗಿದೆಯಲ್ಲ, ಚಿಕ್ಕಂದಿನಲ್ಲಿ ನಿನಗೆ ಉಬ್ಬಸ ಬಂದಾಗ ಮೊಳೆ ಹೊಡೆಸಿ ಮುಚ್ಚಿಸಿದ್ದೆ. ಇವತ್ತು ಬಡಗಿಯನ್ನು ಕರೆಸಿ ಮೊಳೆ ಕೀಳಿಸಿದೆ. ತೆರೆದೇ ಇಟ್ಟಿದ್ದೇನೆ.