ಕಾಲುವೆಯ ಮೇಲೆ ಅವ್ವನ ಕೈ

ನನ್ನ ತಮ್ಮನಿಗೆ ಹೆಂಡತಿಯಾಗಿ ಬಂದು ನನ್ನ ಅವ್ವನಿಗೆ ಮಗಳಾಗಿ ಕೂತ ಕಾಂಚನಾ,

‘ಪ್ರೀತಿಯ’ ಎಂದು ಬರೆಯಲು ಕೈ ಬರಲಿಲ್ಲ. ಕ್ಷಮಿಸು.

ಶೀಗಿ ಹುಣ್ಣಿಮೆಗೆ ನಾನು ಸೊರಟೂರಿಗೆ ಬಂದದ್ದು ಹೊಲದಲ್ಲಿ ಭೂಮಿತಾಯಿಗೆ ಚರಗದ ಎಡೆ ಚೆಲ್ಲಲು ಮಾತ್ರವಲ್ಲ. ಅವ್ವನನ್ನು ಗದಗಿಗೆ, ನನ್ನ ಮನೆಗೆ ಕರೆದೊಯ್ಯಬೇಕೆಂದಿದ್ದೆ. ಅವಳು ಒಂದೇ ಮಾತಿನಲ್ಲಿ ಮುಗಿಸಿದಳು: “ನಾ ಬಂದ್ರ ಕಾಂಚನಾನ್ನ ಕಾಲುವಿ ದಾಟಸವ್ರು ಯಾರವಾ? ಆಕಿಗೆ ಅಂಜಿಕಿ ಭಾಳ.”

ಹೊಲದ ದಾರಿಯ ಆ ಕಾಲುವೆ ಯಾವ ಅರಸನ ಕಾಲದ್ದೋ. ಅದರ ಮೇಲಿನ ಸೇತುವೆಯೆಂದರೆ ಜೋಡಿ ಚಪ್ಪಡಿ ಕಲ್ಲು, ಹಿಡಿದುಕೊಳ್ಳಲು ಏನೂ ಇಲ್ಲ. ಬೋರ್ಡಿಂಗಿನಿಂದ ರಜೆಗೆ ಬಂದಾಗಲೆಲ್ಲ ನಾನು ಅಲ್ಲಿ ಅಂಜಿ ನಿಲ್ಲುತ್ತಿದ್ದೆ. “ನೀರ ನೋಡಬ್ಯಾಡ, ನನ್ನ ಹಸರ ಬಳಿ ನೋಡ” ಎಂದು ಅವ್ವ ಬಳೆ ತೊಟ್ಟ ಕೈ ಚಾಚಿ, ನನ್ನ ಕೈ ಹಿಡಿದು ದಾಟಿಸುತ್ತಿದ್ದಳು. ಇಂಗ್ಲಿಷ್ ಶಾಲೆ ನನಗೆ ಬಹಳ ಕೊಟ್ಟಿತು. ಆ ಕೈ ಮಾತ್ರ ರಜೆಯಲ್ಲಷ್ಟೇ ಸಿಕ್ಕಿತು.

ಈ ಹುಣ್ಣಿಮೆಯಂದು ನೀನು ಬುಟ್ಟಿ ಹೊತ್ತು ಸೇತುವೆಯ ಈಚೆ ನಿಂತು, “ಅತ್ತಿ, ಕೈ ಹಿಡೀರಿ, ಜೀವಾ ಹಾರತೈತಿ” ಅಂದೆ. “ಇಷ್ಟು ದೊಡ್ಡಾಕಿ ಆಗಿ ನಾಚಿಕಿ ಬರೂದಿಲ್ಲೇನ ನಿನಗ!” ಎಂದು ಬೈಯುತ್ತಲೇ ಅವ್ವ ಹಿಡಿದಳು. ಹಿಂದೆ ಬರಿಗೈಯಲ್ಲಿ ನಿಂತ ನನಗೆ ಹೊಟ್ಟೆ ಉರಿಯಿತು. ನಲವತ್ತು ದಾಟಿದವಳಿಗೆ ಇದೆಂಥ ಹಠ ಎಂದು ನನ್ನನ್ನೇ ಕೇಳಿಕೊಂಡೆ. ಉರಿ ಆರಲಿಲ್ಲ.

ಹೊಲ ಮುಟ್ಟಿದ ಮೇಲೆ ಅಂಬಲಿ ಗಡಿಗೆ ಮರೆತದ್ದು ನೆನಪಾಗಿ ನೀನೊಬ್ಬಳೇ ಮನೆಗೆ ಹೋದೆಯಲ್ಲ, ಬನ್ನಿ ಗಿಡದ ಕೆಳಗಿಂದ ನಾನು ನೋಡುತ್ತಿದ್ದೆ. ತಿರುಗಿ ಬರುವಾಗ ತಲೆಯ ಮೇಲೆ ಗಡಿಗೆ, ಬಾಯಲ್ಲಿ ಹಾಡು. ಸೇತುವೆಯನ್ನು ಬಿರಬಿರನೆ ದಾಟಿಬಿಟ್ಟೆ. ನಾಟಕದವಳು ಸಿಕ್ಕಿಬಿದ್ದಳೆಂದು ಖುಷಿಯಿಂದಲೇ ನಿನಗೆ ಎದುರಾದೆ. ನೀನು ದೂರದಲ್ಲಿ ಕೂತ ಅವ್ವನತ್ತ ನೋಡಿ ದನಿ ತಗ್ಗಿಸಿದೆ: “ಅಕ್ಕಾರ, ಅವರ ಕಣ್ಣು ಮಂಜಾಗ್ಯಾವ್ರಿ. ಕಲ್ಲಿನ ಅಂಚು ಕಾಣಂಗಿಲ್ಲ. ನಾ ಹಿಡೀತೀನಂದ್ರ ಕೊಸರತಾರ. ನೀವ ನನ್ನ ಕೈ ಹಿಡೀರಿ ಅಂದ್ರ ಸುಮ್ಮ ಬರತಾರ.”

ಖರೆ ಹೇಳುತ್ತೇನೆ, ಕಾಂಚನಾ, ಆಗ ನನ್ನ ಹೊಟ್ಟೆಕಿಚ್ಚು ಇನ್ನೂ ಹೆಚ್ಚಾಯಿತು. ಹೆತ್ತವಳ ಕಣ್ಣು ನಿನಗೆ ಗೊತ್ತು, ನನಗೆ ಗೊತ್ತಿಲ್ಲ. ಅಷ್ಟು ಒಳ್ಳೆಯ ಸುಳ್ಳು ನನಗಾದರೆ ಹೊಳೆಯುತ್ತಿತ್ತೇ?

ಎಳ್ಳಮಾಸೆಯ ಚರಗಕ್ಕೆ ಬರುತ್ತೇನೆ. ಮರುದಿನವೇ ಅವಳನ್ನು ಕಣ್ಣಿನ ಡಾಕ್ಟರಿಗೆ ತೋರಿಸುತ್ತೇನೆ. ಆದರೆ ಅವಳಿಗೆ ಎಲ್ಲ ನಿಚ್ಚಳ ಕಾಣುವ ಮೊದಲು ಒಂದು ಸಲ, ನೀನು ಬುಟ್ಟಿ ಹೊತ್ತು ಮುಂದೆ ನಡೆದುಬಿಡು. ಅಂದು ಅಂಜುವ ಪಾಳಿ ನನ್ನದು.

ಮೇಲೆ ಬಿಟ್ಟ ‘ಪ್ರೀತಿಯ’ ಎಂಬುದನ್ನು ನೀನೇ ಸೇರಿಸಿ ಓದಿಕೋ. ನಿನ್ನ ಕೈಯ ಬಳೆ ಹಸಿರಾಗಿರಲಿ.

ಇನ್ನೂ ಸ್ವಲ್ಪ ಉರಿಯುತ್ತಿರುವ,
ಶಿವರಂಜನಿ