ಗೇಟು ಹಾಕುವ ಹೊತ್ತಿನ ಕೂಗು

ಕೆರೆಗೇಟಿನ ಮನೆ
ನವೆಂಬರ್ ೧೩, ಬುಧವಾರ ಮಧ್ಯಾಹ್ನ

ಪ್ರೀತಿಯ ಯಜಮಾನರಿಗೆ,

ಕಾಲು ಹೇಗಿದೆ? ಕಟ್ಟು ಬಿಚ್ಚಿದ ಮೇಲೆ ನೆಲಕ್ಕೆ ಊರುತ್ತಿದ್ದೀರಾ, ಇಲ್ಲ ನರ್ಸಮ್ಮನ ಹೆಗಲೇ ಹಿತವಾಗಿದೆಯಾ? ಶನಿವಾರ ಆಸ್ಪತ್ರೆಯಿಂದ ಬಿಡುತ್ತಾರೆಂದು ಕೇಳಿ ಅತ್ತೆ ಆಗಲೇ ನಿಮ್ಮ ಹಾಸಿಗೆಯನ್ನು ಬಿಸಿಲಿಗೆ ಹಾಕಿಸಿದ್ದಾರೆ. ಅವರ ಕಣ್ಣು ಇನ್ನಷ್ಟು ಮಂಜಾಗಿದೆ. ಕಿವಿ ಮಾತ್ರ ಬಲು ಚುರುಕು, ನಾನು ಮನಸ್ಸಿನಲ್ಲಿ ಬೈದರೂ ಕೇಳಿಸುತ್ತದೆ.

ಕೆರೆಯ ಗೇಟು ಕಾಯುವ ನಿಮ್ಮ ಕೆಲಸ ನನ್ನ ತಲೆಗೆ ಬಂದ ಮೇಲೆ ನಿಮ್ಮ ಪಾಡು ಅರ್ಥವಾಯಿತು. ಗಾಳ ಹಿಡಿದು ಬರುವವರು, ದುರ್ಬೀನು ನೇತುಹಾಕಿಕೊಂಡು ಹಕ್ಕಿ ನೋಡುವವರು, ಮೀನಿಗಿಂತ ಬುತ್ತಿಯ ಮೇಲೇ ಕಣ್ಣಿಟ್ಟವರು. ಇವರನ್ನೆಲ್ಲ ಒಳಗೆ ಬಿಡುವುದು ಸುಲಭ, ಹೊರಗೆ ಕಳಿಸುವುದೇ ಸಾಹಸ. ಹೊತ್ತಿಳಿದಾಗ ನಿಮ್ಮಂತೆಯೇ ಕಟ್ಟೆ ಹತ್ತಿ "ಯಾರಿದ್ದೀರಿ?" ಎಂದು ಕೂಗುತ್ತೇನೆ. ಜೊಂಡಿನ ಹಿಂದಿನಿಂದ "ಬಂದೆ" ಎನ್ನುತ್ತಾ ಒಬ್ಬೊಬ್ಬರೇ ಬರುತ್ತಾರೆ. ಉತ್ತರ ನಿಂತ ಮೇಲೆಯೇ ಬೀಗ, ನಿಮ್ಮ ನಿಯಮ ನಾನು ಮುರಿದಿಲ್ಲ. ಆದರೆ ಈಗ ಎಲ್ಲರೂ ಹೋದ ಮೇಲಿನ ಕೂಗಿಗೂ ಉತ್ತರ ಬರುತ್ತಿದೆ. "ಬಂದೆ ಕಣೇ, ಬಂದೆ." ನಿಮ್ಮದೇ ದನಿ, ಕೊನೆಯ ಆ ಸಣ್ಣ ಕೆಮ್ಮಿನ ಸಮೇತ. ಯಾರೂ ಬರುವುದಿಲ್ಲ.

ಹಕ್ಕಿ ಎಣಿಸಲು ಬರುವ ಮೇಡಂ ನಕ್ಕರು. "ಮೈನಾ ಇರಬೇಕು, ಕೇಳಿ ಕೇಳಿ ಕಲಿತಿದೆ" ಅಂದರು. ಹೋದ ಜೀವ ಬಂದಂತಾಯಿತು. ಆ ಧೈರ್ಯದಲ್ಲೇ ಭಾನುವಾರ ಸಂಜೆ, ಕಾದು ಕಾದು ಸಾಕಾಗಿ, "ಬರೋದಾದ್ರೆ ಬೇಗ ಬನ್ನಿ, ಗೇಟು ಹಾಕಬೇಕು" ಎಂದು ಗದರಿಬಿಟ್ಟೆ. ಕೆರೆ ಸುಮ್ಮನಾಯಿತು, ಬಾತುಕೋಳಿಗಳು ಕೂಡ. ಬೀಗ ಹಾಕಿ ಬಂದು ಒಲೆ ಹಚ್ಚುತ್ತಿದ್ದೆ. "ಬಂದೆ ಕಣೇ" ಎಂದು ನಮ್ಮ ಹಿತ್ತಿಲಿನಿಂದ ಕೇಳಿಸಿತು.

ಸುಳ್ಳೇಕೆ ಹೇಳಲಿ, ಭಯವಾಗುತ್ತಿದೆ. ನನಗಾಗಿ ಅಲ್ಲ. ಅದು ನಿಮ್ಮ ದನಿಯಲ್ಲಿ "ಅಮ್ಮಾ" ಎಂದರೆ ಸಾಕು, ಅತ್ತೆ ಕೋಲು ಹುಡುಕುತ್ತಾರೆ. ನಿನ್ನೆ ನಾನು ಪಾತ್ರೆ ತೊಳೆಯುತ್ತಿದ್ದಾಗ ತೆರೆದ ಗೇಟು ದಾಟಿ ದೋಣಿ ಕಟ್ಟುವ ಮೆಟ್ಟಿಲವರೆಗೂ ಹೋಗಿದ್ದಾರೆ. ಗಾಳ ಹಾಕುತ್ತಿದ್ದ ಮಾಸ್ತರು ಕೈ ಹಿಡಿದು ನಿಲ್ಲಿಸಿದಾಗ ನೀರು ಅವರ ಮೊಣಕಾಲಿಗೆ ಬಂದಿತ್ತಂತೆ. ಇನ್ನು ಮೇಲೆ ಮಗನ ದನಿಗೆ ಏಳಬೇಡಿ, ನನ್ನ ದನಿಗೆ ಮಾತ್ರ ಏಳಿ ಎಂದು ಆಣೆ ಮಾಡಿಸಿದ್ದೇನೆ. ಒಪ್ಪಿದ್ದಾರೆ.

ಕಾಲು ಜೋಪಾನ. ಅತ್ತೆ ಆಶೀರ್ವಾದ ತಿಳಿಸಿದ್ದಾರೆ, ಜೊತೆಗೆ ಸೊಪ್ಪು ಬಿಡದೆ ತಿನ್ನಬೇಕಂತೆ.

ನಿಮ್ಮ
ಬಾಯಿಬಡುಕಿ

ಮತ್ತೆ: ಅಂಚೆಯವರು ಗೇಟಿನಲ್ಲಿ ಕಾಯುತ್ತಿದ್ದಾರೆ, ಬೇಗಬೇಗ ಬರೆದು ಮುಗಿಸುತ್ತೇನೆ. ಈಗಷ್ಟೇ ಅತ್ತೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು. "ನೀನೇ ಅಲ್ವೇನೇ, ಕೆರೆ ಹತ್ರ ಬನ್ನಿ ಅಂತ ಕರೆದಿದ್ದು?" ಅಂದರು. ನಾನು ಇಲ್ಲೇ ಕೂತು ಈ ಕಾಗದ ಬರೆಯುತ್ತಿದ್ದೆ. ಶನಿವಾರ ಬಂದಾಗ ಕೂಗಬೇಡಿ, ಕೂಗಿದರೆ ಬಾಗಿಲು ತೆಗೆಯುವುದಿಲ್ಲ. ಊರುಗೋಲಿನಿಂದ ತಟ್ಟಿ. ದಾರಿಯಲ್ಲಿ ನನ್ನ ದನಿ ಎಷ್ಟೇ ಕರೆದರೂ ನೀರಿನ ಕಡೆ ತಿರುಗಬೇಡಿ. ನಾನು ಒಳಗೆ ಅತ್ತೆಯ ಕೈ ಹಿಡಿದು ಕೂತಿರುತ್ತೇನೆ, ಬಾಯಿ ಬಿಡುವುದಿಲ್ಲ.