ಎಂಬತ್ತು ಸಾವಿರ ಮೈಲಿ ಓಡಿದ ಗಾಡಿ

ಸಂಪಗಾಂವ,
೧೪ ಜೂನ್ ೧೯೭೪

ಧಾರವಾಡದಲ್ಲಿರುವ ನೀಲಕಂಠಣ್ಣನವರಿಗೆ ತಂಗಿ ತಾರಾಳ ನಮಸ್ಕಾರಗಳು.

‘ಎಂಬತ್ತು ಸಾವಿರ ಮೈಲಿ ಓಡಿದ ಗಾಡಿ ತಗೊಂಡೀಯಲ್ಲ, ಸಾಲಿ ಕಲಸೂದು ಬಿಟ್ಟು ರಿಪೇರಿ ಮಾಡ್ಕೋತ ಕೂಡತೀಯೇನು?’ ಎಂದು ನೀವು ಸಿಟ್ಟಾಗಿದ್ದಿರಿ. ಅದಕ್ಕೇ ಇಷ್ಟು ದಿನ ಬರೆಯಲಿಲ್ಲ.

ಪ್ರತಿ ರವಿವಾರ ಕಾರು ತೆಗೆದುಕೊಂಡು ಬೈಲಹೊಂಗಲದ ಅಂದಾನೆಪ್ಪ ಮಿಸ್ತ್ರಿಯ ಹತ್ತಿರ ಹೋದೆ. ಕಪ್ಪಾಗಿದ್ದ ಆಯಿಲ್ ಬದಲಿಸಿದೆವು, ರೇಡಿಯೇಟರಿನ ತುಕ್ಕು ತೊಳೆದೆವು. ‘ಹಳೇ ಗಾಡಿ ಐತ್ರಿ ಅಕ್ಕೋರ. ಪಾನಾ ಹಿಡೀರಿ, ನೀವ ಕಲೀರಿ’ ಎಂದು ಸ್ಪ್ಯಾನರ್ ಕೈಗೆ ಕೊಟ್ಟು ಅವರು ಎಲ್ಲವನ್ನೂ ನನ್ನ ಕೈಯಿಂದಲೇ ಮಾಡಿಸಿದರು.

ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆಯ ದಿನ ಬಸ್ಸು ಬರಲಿಲ್ಲ. ನಮ್ಮ ಶಾಲೆಯ ಐವರು ಹುಡುಗಿಯರು ಅಳುತ್ತ ನಿಂತಿದ್ದರು. ಎಲ್ಲರನ್ನೂ ಕಾರಿನಲ್ಲಿ ತುಂಬಿಕೊಂಡು ಪರೀಕ್ಷಾ ಕೇಂದ್ರವಿದ್ದ ಬೈಲಹೊಂಗಲಕ್ಕೆ ಹೊರಟೆ. ಅರ್ಧ ದಾರಿಯಲ್ಲಿ ಫ್ಯಾನ್ ಬೆಲ್ಟ್ ಹರಿಯಿತು.

‘ಮುಗೀತ್ರಿ ಅಕ್ಕೋರ’ ಎಂದಳು ಅವರಲ್ಲೊಬ್ಬಳಾದ ರಾಚವ್ವ.

‘ಸೂತ್ರ ಬಾಯಿಪಾಠ ಮಾಡ್ರಿ, ಅಷ್ಟರಾಗ ಹಾಕತೇನಿ’ ಎಂದೆ.

ಡಿಕ್ಕಿಯಲ್ಲಿದ್ದ ಹೊಸ ಬೆಲ್ಟನ್ನು ಹದಿನೈದು ನಿಮಿಷದಲ್ಲಿ ನಾನೇ ಕೂಡಿಸಿದೆ, ಅಣ್ಣಾ! ಪರೀಕ್ಷೆಯ ಗಂಟೆ ಹೊಡೆದಾಗ ಐವರೂ ತಮ್ಮ ತಮ್ಮ ಜಾಗದಲ್ಲಿದ್ದರು.

ನಿನ್ನೆ ಫಲಿತಾಂಶ ಬಂತು. ಐವರೂ ಪಾಸು. ರಾಚವ್ವನಿಗೆ ವರ ನೋಡುತ್ತಿದ್ದ ಅವಳ ತಂದೆ ಮಡಿವಾಳೆಪ್ಪನವರು ಇಂದು ಮುಂಜಾನೆಯೇ ಮನೆಗೆ ಬಂದರು. ‘ಲಗ್ನ ಇರ್ಲಿ ಬಿಡ್ರಿ. ಧಾರವಾಡದಾಗ ಕಾಲೇಜು ಯಾವಾಗ ಚಾಲೂ ಆಗತೈತ್ರಿ?’ ಎಂದು ಕೇಳಿದರು.

ಮುಂದಿನ ಗುರುವಾರ ತಂದೆ ಮಗಳಿಬ್ಬರನ್ನೂ ಕೂಡಿಸಿಕೊಂಡು ಕಾರಿನಲ್ಲೇ ಅಲ್ಲಿಗೆ ಬರುತ್ತೇನೆ. ನಮ್ಮ ಮೂವರ ಊಟ ನಿಮ್ಮ ಮನೆಯಲ್ಲೇ. ಅಕ್ಕಿ ಹೆಚ್ಚು ಹಾಕಲು ವೈನಿಗೆ ಹೇಳಿ.

ನಿಮ್ಮ ತಂಗಿ,
ತಾರಾಬಾಯಿ